ಊರ ಸಭೆ ಕೂತಿದ್ದೆಲ್ಲಿ? ಹೊನ್ನಾಳಿ ಸೀಮೆಯ ‘ಟೌನ್‌ಹಾಲ್’ ಹುಡುಕುತ್ತಾ

“ಹೊನ್ನಾಳಿ, ಚನ್ನಗಿರಿ ಕಡೆ ಹಳೇ ಟೌನ್‌ಹಾಲ್ ಯಾವುದಾದ್ರೂ ಇದೆಯಾ?” ಅಂತ ಆಗಾಗ ಕೇಳುತ್ತಾರೆ. ಮೈಸೂರಿನ ರಂಗಾಚಾರ್ಲು ಭವನ, ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನ (1935) ನೋಡಿದವರು ಅಂಥದೇ ಕಟ್ಟಡ ಹುಡುಕುತ್ತಾರೆ. ನಾನಂತೂ ಅವರನ್ನು ಹಳೆಯ ದೇವಸ್ಥಾನದ ಮಂಟಪಕ್ಕೆ ಕಳಿಸುತ್ತೇನೆ. ಊರಿನವರು ಸೇರುತ್ತಿದ್ದದ್ದು ಅಲ್ಲೇ. ತೀರ್ಮಾನ ಬರೆಸಿದ್ದು ಪಕ್ಕದ ಕಲ್ಲಿನ ಮೇಲೆ.

ಬಹಳ ಜನ ಶಾಸನದಲ್ಲಿ ರಾಜನ ಬಿರುದು, ಶಕವರ್ಷ ನೋಡಿ ಎದ್ದುಬಿಡುತ್ತಾರೆ. ಊರಿನ ವಿಷಯ ಶುರುವಾಗೋದೇ ಅದರ ಕೆಳಗೆ. ಅಗ್ರಹಾರವಾದರೆ ‘ಮಹಾಜನ’, ಪೇಟೆಯಾದರೆ ‘ನಖರ’ ಅಂದರೆ ವರ್ತಕರ ಸಂಘ, ಅವರ ಮುಂದಾಳು ‘ಪಟ್ಟಣಸ್ವಾಮಿ’, ಲೆಕ್ಕಪತ್ರ ಬರೆಯುವ ‘ಸೇನಬೋವ’. ಆಮೇಲೆ ಗಾಣಕ್ಕೆ ಇಷ್ಟು ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ ಅಂತ ವಂತಿಗೆ. ರಾಜ ಕೊಟ್ಟ ಭೂಮಿಗಿಂತ ಈ ಸಣ್ಣ ಬಾಬತ್ತುಗಳೇ ನನಗೆ ರುಚಿ. ಯಾರ ಮೇಲೆ ಎಷ್ಟು ಹೊರೆ, ಯಾರ ಒಪ್ಪಿಗೆಯಿಂದ ಅನ್ನೋದು ಅಲ್ಲಿ ಸಿಗುತ್ತೆ.

ನ್ಯಾಮತಿ ಪಕ್ಕದ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಹೋಗಿ ಬನ್ನಿ. ಕಳಚುರಿ ಬಿಜ್ಜಳನ ಕಾಲದ, 1162ರ ಕೋಡಿಯಮಠದ ಶಾಸನ ಬರೀ ದಾನಪತ್ರವಲ್ಲ. ವೇದ, ವ್ಯಾಕರಣದ ಪಾಠ ನಡೆಯುವ ಜಾಗ, ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ ಸಿಗುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ ಅಂತ ಆ ಮಠವನ್ನು ವರ್ಣಿಸುತ್ತೆ. ಶಾಲೆ, ಛತ್ರ, ದವಾಖಾನೆ ಮೂರೂ ಒಂದೇ ಅಂಗಳದಲ್ಲಿ! ಇವತ್ತಿನ ಪುರಸಭೆಗಳು ಓದಬೇಕಾದ ಪಟ್ಟಿ.

ನಿಮ್ಮೂರಿನ ಕಲ್ಲು ಹುಡುಕುವಾಗ ಒಂದು ತೊಡಕಿದೆ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ‘ದಾವಣಗೆರೆ ಜಿಲ್ಲೆ’ ಅಂತ ನೋಡಿದರೆ ಏನೂ ಸಿಗಲ್ಲ. ಜಿಲ್ಲೆ ಆಗಿದ್ದೇ 1997ರಲ್ಲಿ, ಬಿ.ಎಲ್. ರೈಸ್ ಸಂಪುಟಗಳು ಅದಕ್ಕಿಂತ ಸುಮಾರು ನೂರು ವರ್ಷ ಹಳೆಯವು. ಹೊನ್ನಾಳಿ, ಚನ್ನಗಿರಿ ಶಾಸನಗಳು ಶಿವಮೊಗ್ಗದ 7ನೇ ಸಂಪುಟದಲ್ಲಿವೆ, ಜಗಳೂರಿನವು ಚಿತ್ರದುರ್ಗದ 11ರಲ್ಲಿ. ನ್ಯಾಮತಿ ತಾಲೂಕಾಗಿದ್ದು ಮೊನ್ನೆ ಮೊನ್ನೆ. ಸಿಂದರ ಬೆಳಗುತ್ತಿಯೂ ಸೇರಿ ಅಲ್ಲಿನ ಊರುಗಳನ್ನು ಹೊನ್ನಾಳಿಯ ಕೆಳಗೇ ನೋಡಬೇಕು.

ಸಂಖ್ಯೆ ಗೊತ್ತಿದ್ದರೆ ಅನುಕೂಲ ಬಹಳ. ಗುಡಿ ಜೀರ್ಣೋದ್ಧಾರ, ರಸ್ತೆ ಅಗಲೀಕರಣ ಅಂತ ಬಂದಾಗ ಮೊದಲು ಜರುಗೋದು ಈ ಕಲ್ಲುಗಳೇ. ಆಗ “ಇದು ಹಳೇ ಕಲ್ಲು” ಅಂದರೆ ಯಾರೂ ಕೇಳಲ್ಲ. ಸಂಪುಟದ ಪುಟ ತೆಗೆದು ಸಂಖ್ಯೆ, ತಾಲೂಕು ತೋರಿಸಿದರೆ ಗುತ್ತಿಗೆದಾರನೂ ಒಂದು ಗಳಿಗೆ ಜೆಸಿಬಿ ನಿಲ್ಲಿಸುತ್ತಾನೆ.