ಒಳಗೇ ಇರುವ ಯೀಸ್ಟ್ ಕೆರಳುವುದು ಯಾವಾಗ?

ಯೀಸ್ಟ್ ಕೋಶಗಳನ್ನು ಮನುಷ್ಯನ ರಕ್ತದ ಸೀರಮ್ಮಿನಲ್ಲಿ ಬೆರೆಸಿ, ಮೈಶಾಖದಷ್ಟೇ ಬಿಸಿಯಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ ಇಡುತ್ತಾರೆ. ಆಮೇಲೆ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡಗಿದ್ದ ಕೋಶಗಳ ಪಕ್ಕದಿಂದ ಸಣ್ಣ ಕೊಳವೆಗಳು ಹೊರಟಿರುತ್ತವೆ, ನೆನೆಹಾಕಿದ ಹೆಸರುಕಾಳು ಮೊಳಕೆಯೊಡೆದ ಹಾಗೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟನ್ನು ಪ್ರಯೋಗಾಲಯದವರು ಪತ್ತೆಹಚ್ಚುವ ಹಳೆಯ ವಿಧಾನ ಇದು. ಅದು ಕೊಡುವ ಕಾಟದ ಗುಟ್ಟೂ ಈ ಮೊಳಕೆಯಲ್ಲೇ ಇದೆ.

ಈ ಯೀಸ್ಟ್ ಎಲ್ಲಿಂದಲೋ ಬಂದು ಅಂಟುವುದೇ ಅಪರೂಪ. ಆರೋಗ್ಯವಾಗಿರುವ ಅನೇಕರ ಬಾಯಿ, ಕರುಳು, ಯೋನಿಯಲ್ಲಿ ಅದು ಮೊದಲೇ ಬೀಡುಬಿಟ್ಟಿರುತ್ತದೆ. ದುಂಡಗಿರುವಷ್ಟು ಕಾಲ ಸಾಮಾನ್ಯವಾಗಿ ತಂಟೆಯಿಲ್ಲ. ಮೊಳೆತು ಎಳೆಯಾಗಿ ಬೆಳೆಯತೊಡಗಿದಾಗ ಚರ್ಮದ, ಲೋಳೆಪೊರೆಯ ಕೋಶಗಳೊಳಗೆ ನುಗ್ಗುತ್ತದೆ, ಕ್ಯಾಂಡಿಡಾಲೈಸಿನ್ ಎಂಬ ವಿಷ ಸುರಿಸಿ ಅವುಗಳ ಪೊರೆಗೆ ತೂತು ಕೊರೆಯುತ್ತದೆ. ಈ ವಿಷ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 2016ರಲ್ಲಷ್ಟೇ. ನವೆ, ಉರಿ, ಕೆಂಪಾಗುವುದು ಇವೆಲ್ಲ ಬಹುಪಾಲು ಆ ದಾಳಿಗೆ ನಮ್ಮ ದೇಹ ಕೊಡುವ ಉತ್ತರ.

ಎಂದಿನ ದಿನಗಳಲ್ಲಿ ಅದನ್ನು ಹದ್ದಿನಲ್ಲಿಡುವುದು ಅಕ್ಕಪಕ್ಕದ ಬ್ಯಾಕ್ಟೀರಿಯಾಗಳು. ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್‌ಗಳು ಯೀಸ್ಟಿಗೆ ನೆಲೆಯೂರಲು ಹೆಚ್ಚು ಜಾಗ ಬಿಡುವುದಿಲ್ಲ. ಗಂಟಲುನೋವಿಗೆಂದು ಆಂಟಿಬಯಾಟಿಕ್ ನುಂಗಿದರೆ ಈ ಕಾವಲುಗಾರರೂ ಸಾಯುತ್ತಾರೆ. ಶಿಲೀಂಧ್ರವಾದ ಯೀಸ್ಟಿಗೆ ಆ ಔಷಧ ತಾಕುವುದೇ ಇಲ್ಲ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬಸುರಿನಲ್ಲಿ ಏರುವ ಈಸ್ಟ್ರೋಜನ್, ಸ್ಟಿರಾಯ್ಡ್ ಸೇವನೆ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಕೆಲವು ಹೊಸ ಮಧುಮೇಹದ ಮಾತ್ರೆಗಳು ಕೂಡ ಅದಕ್ಕೆ ಅನುಕೂಲ ಮಾಡಿಕೊಡುತ್ತವೆ.

ಶಿಲೀಂಧ್ರಕ್ಕೆ ಮದ್ದು ಹುಡುಕುವುದು ಸುಲಭವಲ್ಲ. ಅದರ ಕೋಶದ ರಚನೆ ಬ್ಯಾಕ್ಟೀರಿಯಾಕ್ಕಿಂತ ನಮ್ಮದಕ್ಕೇ ಹತ್ತಿರ. ಅದನ್ನು ಕೊಲ್ಲುವುದು ನಮಗೂ ವಿಷವಾಗಬಹುದು. ಹೆಚ್ಚಾಗಿ ಕೈಹಿಡಿದದ್ದು ಒಂದು ವ್ಯತ್ಯಾಸ: ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಇರುವ ಕಡೆ ಅದರಲ್ಲಿ ಎರ್ಗೊಸ್ಟೆರಾಲ್ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿ ಮಣ್ಣಿನ ಜೀವಾಣುಗಳನ್ನು ಬೆಳೆಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಅದೇ ಇಲಾಖೆಯ ರೇಚಲ್ ಬ್ರೌನ್ ಆಲ್ಬನಿಯಲ್ಲಿ ಅವುಗಳ ಸತ್ವ ತೆಗೆದು ಹಿಂದಿರುಗಿಸುತ್ತಿದ್ದರು. ವರ್ಜೀನಿಯಾದ ಹೊಲವೊಂದರ ಮಣ್ಣಿನಿಂದ ಅವರಿಗೆ ಸಿಕ್ಕಿ, 1950ರಲ್ಲಿ ಪ್ರಕಟವಾದ ನಿಸ್ಟಾಟಿನ್ ಎರ್ಗೊಸ್ಟೆರಾಲಿಗೆ ಕಚ್ಚಿಕೊಂಡು ಯೀಸ್ಟಿನ ಪೊರೆ ಸೋರುವಂತೆ ಮಾಡುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಕ್ಲೋಟ್ರಿಮಜೋಲ್ ಮತ್ತು ಫ್ಲುಕೊನಜೋಲ್ ಎರ್ಗೊಸ್ಟೆರಾಲಿನ ತಯಾರಿಕೆಯನ್ನೇ ತಡೆಯುತ್ತವೆ. ಯೋನಿಯ ಸಾಧಾರಣ ಸೋಂಕಿಗೆ ವೈದ್ಯರು 150 ಮಿಲಿಗ್ರಾಂ ಫ್ಲುಕೊನಜೋಲಿನ ಒಂದೇ ಮಾತ್ರೆ ಕೊಡಬಹುದು. ಗರ್ಭಿಣಿಯರಿಗೆ ಆ ಮಾತ್ರೆ ಬೇಡ; ಒಳಗೆ ಹಚ್ಚುವ ಮುಲಾಮನ್ನು ಏಳು ದಿನ ಬಳಸುವುದು ರೂಢಿ.

ಆದರೆ ನವೆಯೆಲ್ಲ ಯೀಸ್ಟಿನದಲ್ಲ. ಮೊಸರಿನಂತೆ ಗಟ್ಟಿಯಾದ, ಹೆಚ್ಚು ವಾಸನೆಯಿಲ್ಲದ ಬಿಳಿಸೆರಗಿನ ಜೊತೆ ನವೆಯಿದ್ದರೆ ಯೀಸ್ಟಿರಬಹುದು. ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾದ ತೊಂದರೆಯನ್ನು ಶಂಕಿಸಬೇಕು, ಅದರ ಮದ್ದೇ ಬೇರೆ. ಸ್ರಾವದ ಒಂದು ಹನಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿದರೆ ನಮ್ಮ ಕೋಶಗಳು ಕರಗಿ, ಗಟ್ಟಿ ಗೋಡೆಯ ಶಿಲೀಂಧ್ರದ ಎಳೆಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಈ ಸರಳ ಪರೀಕ್ಷೆ ಬಿಟ್ಟು ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿಕೊಳ್ಳುವವರಿದ್ದಾರೆ. ಸ್ಟಿರಾಯ್ಡ್ ಉರಿಯೂತವನ್ನು ಅಡಗಿಸುವುದರಿಂದ ನವೆ ಬೇಗ ಇಳಿಯುತ್ತದೆ, ದೇಹದ ಪ್ರತಿರೋಧವೂ ಕುಗ್ಗಿ ಶಿಲೀಂಧ್ರ ಹಬ್ಬುತ್ತದೆ.

ತಡೆಯುವ ಉಪಾಯಗಳು ಸಾದಾ. ಮಳೆಗಾಲದಲ್ಲಿ ಅರೆಬರೆ ಒಣಗಿದ ಒಳಉಡುಪು ತೊಡಬೇಡಿ. ಸ್ತನದ ಕೆಳಗೆ, ತೊಡೆಸಂದಿಯಲ್ಲಿ ಪಸೆ ನಿಲ್ಲದಂತೆ ಒರೆಸಿಕೊಳ್ಳಿ. ದಿನವಿಡೀ ಪಾತ್ರೆ ತೊಳೆಯುವವರ ಬೆರಳಸಂದಿ ಬೆಳ್ಳಗಾಗಿ ಸುಲಿಯುವುದರಲ್ಲೂ, ವಾಸಿಯಾಗದ ಉಗುರುಸುತ್ತಿನಲ್ಲೂ ಈ ಯೀಸ್ಟಿನ ಕೈವಾಡ ಇರಬಹುದು. ಕೈ ಒಣಗಿಸಿಕೊಳ್ಳುವುದೇ ಅಲ್ಲಿ ಅರ್ಧ ಚಿಕಿತ್ಸೆ. ಸ್ಟಿರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಿ. ಯೋನಿಯೊಳಗೆ ಸೋಪು, ಸುಗಂಧದ ದ್ರಾವಣ ಬೇಡ. ಮನೆಮದ್ದೆಂದು ಅಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡರೆ ಉರಿ ಇನ್ನಷ್ಟು ಹೆಚ್ಚಬಹುದು. ಯೀಸ್ಟ್ ಸೋಂಕು ಲೈಂಗಿಕ ರೋಗಗಳ ಗುಂಪಿಗೆ ಸೇರಿದ್ದಲ್ಲ, ನಾಚಿಕೊಂಡು ಮುಚ್ಚಿಡುವ ಕಾರಣವೂ ಇಲ್ಲ.

ಮಾತ್ರೆ ಯೀಸ್ಟಿನ ಸಂಖ್ಯೆಯನ್ನು ಇಳಿಸುತ್ತದೆ, ಅದು ಹೆಚ್ಚಲು ಕಾರಣವಾದ ಪರಿಸ್ಥಿತಿಯನ್ನು ಮುಟ್ಟುವುದಿಲ್ಲ. ವರ್ಷದಲ್ಲಿ ಮೂರು ಸಲ ಮರುಕಳಿಸಿದರೆ ಹಳೆಯ ಚೀಟಿ ತೋರಿಸಿ ಅದೇ ಮದ್ದು ತರುವುದನ್ನು ನಿಲ್ಲಿಸಿ. ಫ್ಲುಕೊನಜೋಲಿಗೆ ಸುಲಭವಾಗಿ ಬಗ್ಗದ ಬೇರೆ ಜಾತಿಯ ಕ್ಯಾಂಡಿಡಾ ಇರಬಹುದು, ಮಾದರಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಅದರ ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಿಕೊಳ್ಳಿ: ಮಧುಮೇಹ ಇದೆಯೆಂದು ಕೆಲವರಿಗೆ ಮೊದಲು ಗೊತ್ತಾಗುವುದೇ ಹೀಗೆ.