ಘಟ್ಟದ ಹಾದಿಯೂ ಎಂಜಿನ್ ಆಯಿಲಿನ ಆಯುಸ್ಸೂ

ಪೊಳ್ಳಾಚಿಯಿಂದ ಪಳನಿಗೆ ಹೋಗುವ ರಸ್ತೆಯಲ್ಲಿ 1920ರಲ್ಲಿ ಒಂದೇ ಒಂದು ಬಸ್ಸನ್ನಿಟ್ಟುಕೊಂಡು, ತಾವೇ ಚಾಲಕರಾಗಿ ಓಡಿಸತೊಡಗಿ, ಮುಂದೆ ಕೊಯಮತ್ತೂರಿನ ಯಂತ್ರೋದ್ಯಮದ ಮೂಲಪುರುಷರಲ್ಲಿ ಒಬ್ಬರೆನಿಸಿದ ಜಿ. ಡಿ. ನಾಯುಡು ಅವರ ಕಾಲದಲ್ಲಿ, ಮೋಟಾರಿಗೆ ಹೊಯ್ಯುತ್ತಿದ್ದ ಎಣ್ಣೆಯೆಂದರೆ ಶೋಧಿಸಿದ ಬರಿಯ ಖನಿಜತೈಲ. ಸಾವಿರ ಮೈಲಿ ತುಂಬುವ ಮೊದಲೇ ಅದನ್ನು ಇಳಿಸಿ ಹೊಸತನ್ನು ತುಂಬುವುದು ಅಂದಿನ ವಾಹನಗಳಿಗೆ ಸಾಮಾನ್ಯವಾಗಿತ್ತು. ಇಂದು ಅದೇ ರಸ್ತೆಯಲ್ಲಿ ಓಡುವ ಅನೇಕ ಕಾರುಗಳ ಕೈಪಿಡಿಗಳು ಹತ್ತು ಸಾವಿರ ಕಿಲೋಮೀಟರು ಅಥವಾ ಒಂದು ವರ್ಷ ಎನ್ನುತ್ತವೆ. ರಸಾಯನಶಾಸ್ತ್ರವು ಸಾಧಿಸಿದ ಈ ಪ್ರಗತಿ ನಿಜವಾಗಿಯೂ ದೊಡ್ಡದು. ಆದರೆ ಗಾಡಿಯು ಉಡುಮಲೈಪೇಟೆಯ ಬಯಲಿನಲ್ಲಿ ಓಡಿತೋ ವಾಲ್ಪಾರೈಯ ಘಟ್ಟವನ್ನು ಏರಿತೋ ಎಂಬುದನ್ನು ಕಿಲೋಮೀಟರಿನ ಅಂಕೆಯು ಹೇಳಲಾರದು. ಎಣ್ಣೆಯ ಆಯುಸ್ಸಾದರೋ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಎಣ್ಣೆಯ ಗುಣಗಳಲ್ಲಿ ಮೊದಲನೆಯದು ಸ್ನಿಗ್ಧತೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಸರಾಗವಾಗಿ ಹೊರಳುವ ಪಾಕವು ಆರುತ್ತ ಬಂದಂತೆ ಸೌಟಿಗೆ ಅಂಟಿ ಎಳೆಯೆಳೆಯಾಗಿ ಇಳಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 40 ಡಿಗ್ರಿ ಸೆಲ್ಸಿಯಸ್ಸಿನಿಂದ 100 ಡಿಗ್ರಿಗೆ ಏರುವಷ್ಟರಲ್ಲಿ ಎಂಜಿನ್ ಎಣ್ಣೆಯ ಸ್ನಿಗ್ಧತೆಯು ಸುಮಾರು ಏಳೆಂಟರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ತೀರ ತೆಳುವಾದರೆ, ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ನಿಲ್ಲಬೇಕಾದ, ಕೂದಲಿಗಿಂತ ಎಷ್ಟೋ ಸೂಕ್ಷ್ಮವಾದ ತೈಲಪಟಲವು ಹರಿದು ಲೋಹವು ಲೋಹವನ್ನು ಉಜ್ಜುತ್ತದೆ; ತೀರ ಮಂದವಾದರೆ, ಎಣ್ಣೆಯನ್ನು ಕಡೆಯುವುದಕ್ಕೇ ಇಂಧನವು ವ್ಯಯವಾಗುತ್ತದೆ.

ಡಬ್ಬಿಯ ಮೇಲಿನ 15ಡಬ್ಲ್ಯು-40, 20ಡಬ್ಲ್ಯು-40 ಎಂಬ ಬರಹಗಳಲ್ಲಿ ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಅಂಕೆಯನ್ನು ನಿರ್ಣಯಿಸುವ ಪರೀಕ್ಷೆಗಳು ಸೊನ್ನೆಗಿಂತ ಹದಿನೈದಿಪ್ಪತ್ತು ಡಿಗ್ರಿ ಕೆಳಗೆ ನಡೆಯತಕ್ಕವು. ಮಾರ್ಗಶಿರದ ಬೆಳಗಿನಲ್ಲಿ ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುವುದೇ ಪೊಳ್ಳಾಚಿಯ ಚಳಿಯ ಪರಮಾವಧಿ. ಅದಕ್ಕಾದರೋ 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಆದುದರಿಂದ ಇಲ್ಲಿಯವರು ಮೊದಲನೆಯ ಅಂಕೆಗಿಂತ ಎರಡನೆಯದನ್ನೇ ಹೆಚ್ಚು ಗಮನಿಸಬೇಕೆಂದು ನನ್ನ ಅಭಿಪ್ರಾಯ: ಬಿಸಿಯೇರಿದ ಎಂಜಿನ್ನಿನಲ್ಲಿ ಎಣ್ಣೆ ಎಷ್ಟು ದಪ್ಪವಾಗಿ ಉಳಿಯುವುದೆಂಬುದನ್ನು ಹೇಳುವುದು ಅದು. ಆದರೆ 30 ಎಂದು ಕೈಪಿಡಿಯಲ್ಲಿದ್ದರೆ, ನಮ್ಮದು ಬಿಸಿಲುನಾಡು ಎಂದು ತಾವಾಗಿ 40ಕ್ಕೆ ಏರಿಸುವುದು ತರವಲ್ಲ. ಎಂಜಿನ್ನಿನ ಸಂದುಗಳನ್ನು ಕೊರೆದವರಿಗೆ ಆ ಲೆಕ್ಕ ತಿಳಿದಿದೆ. ಕಾರಿನ ಎಣ್ಣೆಯನ್ನು ಬೈಕಿಗೆ ಹೊಯ್ಯುವುದೂ ತಪ್ಪು. ಬೈಕಿನ ಕ್ಲಚ್ಚು ಸಾಮಾನ್ಯವಾಗಿ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸಲೆಂದು ಬೆರೆಸಿದ ದ್ರವ್ಯಗಳಿಂದ ಅದು ಜಾರತೊಡಗುತ್ತದೆ. ಜಾಸೊ ಎಂಎ ಎಂಬ ಗುರುತನ್ನು ಅಲ್ಲಿ ನೋಡಬೇಕು.

ಇನ್ನು ಬದಲಾಯಿಸುವ ಕಾಲ. ಎಣ್ಣೆಯು ಸಾಯುವುದು ಬಹುಮುಖವಾಗಿ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಉತ್ಕರ್ಷಣದ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಇಂಧನದೊಳಗಿನ ಗಂಧಕವು ಉರಿದು ಆಮ್ಲವಾಗಿ, ಅದನ್ನು ಶಮನಗೊಳಿಸಲೆಂದು ಎಣ್ಣೆಯಲ್ಲಿ ಕೂಡಿಟ್ಟ ಕ್ಷಾರವನ್ನು ತಿಂದುಹಾಕುತ್ತದೆ. ಡೀಸೆಲ್ಲಿನಲ್ಲಿ ಒಂದು ಕಾಲಕ್ಕೆ ದಶಲಕ್ಷದಲ್ಲಿ ಸಾವಿರಗಟ್ಟಲೆ ಪಾಲಿದ್ದ ಗಂಧಕವು 2020ರ ಏಪ್ರಿಲ್ 1ರಿಂದ ದೇಶವೆಲ್ಲಕ್ಕೂ 10 ಪಾಲಿಗೆ ಇಳಿದಿರುವುದರಿಂದ, ಹಳೆಯ ಚಾಲಕರು ಐದು ಸಾವಿರಕ್ಕೊಮ್ಮೆ ಎಣ್ಣೆ ಇಳಿಸುತ್ತಿದ್ದುದಕ್ಕೆ ಇದ್ದ ಒಂದು ಪ್ರಬಲ ಕಾರಣವು ಈಗ ಕ್ಷೀಣಿಸಿದೆ. ಉಳಿದ ಕಾರಣಗಳು ಹೋಗಿಲ್ಲ.

ಪೊಳ್ಳಾಚಿಯಿಂದ ವಾಲ್ಪಾರೈಗೆ ಅರವತ್ತು ಕಿಲೋಮೀಟರಿಗೆ ತುಸು ಮೇಲೆ. ಆಳಿಯಾರು ದಾಟಿದೊಡನೆ 40 ಹೇರ್‌ಪಿನ್ ತಿರುವುಗಳು. ಎರಡನೆಯ ಗೇರಿನಲ್ಲಿ ಏರುವ ಕಾರಿನ ಎಂಜಿನ್ನು ಬಯಲಿನ ಮೇಲುಗೇರಿಗೆ ಹೋಲಿಸಿದರೆ ಪ್ರತಿ ಕಿಲೋಮೀಟರಿಗೂ ಎರಡು ಪಟ್ಟಿಗೂ ಮಿಕ್ಕಿ ಸುತ್ತುತ್ತದೆ, ಅದೂ ಪೂರ್ಣಭಾರದಲ್ಲಿ. ಮಾಪಕವು ಇದನ್ನು ಬಯಲಿನ ದಾರಿಯಂತೆಯೇ ಎಣಿಸುತ್ತದೆ. ಟ್ರ್ಯಾಕ್ಟರಿನ ಎಣ್ಣೆಯನ್ನು ಗಂಟೆಗಳ ಲೆಕ್ಕದಲ್ಲಿ ಬದಲಾಯಿಸುವುದು ಎಷ್ಟು ವಿವೇಕದ ಪದ್ಧತಿಯೆಂಬುದು ಇಲ್ಲಿ ಗೋಚರಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಕಷ್ಟವು ಮನೆಯಿಂದ ಸಂತೆಗೆ ಎರಡು ಕಿಲೋಮೀಟರು ಹೋಗಿಬರುವ ಸ್ಕೂಟರಿನದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹಬೆಯಾಗಿ ಸೈಲೆನ್ಸರಿನಿಂದ ಹೊರಟರೂ, ಪಿಸ್ಟನ್ ಉಂಗುರಗಳ ಸಂದಿನಲ್ಲಿ ನುಸುಳಿದ ಅಲ್ಪಾಂಶವು ಎಣ್ಣೆಗೆ ಬೆರೆತು, ಎಂಜಿನ್ನು ಸಾಕಷ್ಟು ಕಾಯುವ ಮೊದಲೇ ಆರಿಹೋಗುವುದರಿಂದ ಅಲ್ಲಿಯೇ ನಿಲ್ಲುತ್ತದೆ. ಮುಚ್ಚಳದ ಒಳಮೈಯಲ್ಲಿ ಕಾಣುವ ಬಿಳಿನೊರೆ ಅದೇ. ಕಿಲೋಮೀಟರು ತುಂಬದಿದ್ದರೂ ವರ್ಷ ತುಂಬಿದರೆ ಎಣ್ಣೆಯನ್ನು ಇಳಿಸಬೇಕೆನ್ನುವುದು ಇದಕ್ಕಾಗಿ. ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಆಷಾಢದ ಗಾಳಿ ಎಬ್ಬಿಸುವ ಮಣ್ಣಿನ ಧೂಳೂ, ಕಾಯರ್ ಕಾರ್ಖಾನೆಗಳ ಅಂಗಳದ ನಾರುಪುಡಿಯೂ ಏರ್ ಫಿಲ್ಟರನ್ನು ಕಟ್ಟಿಹಾಕುತ್ತವೆ. ಫಿಲ್ಟರು ಹರಿದಿದ್ದರೆ ಮರಳಿನ ಕಣಗಳು ಎಣ್ಣೆಯನ್ನು ಸೇರಿ ಅದನ್ನೇ ಸಾಣೆಯ ದ್ರವವಾಗಿಸುತ್ತವೆ.

ಬಣ್ಣವನ್ನು ಕಂಡು ತೀರ್ಮಾನಿಸುವುದು ಮಾತ್ರ ಬೇಡ. ಡೀಸೆಲ್ ಎಂಜಿನ್ನಿನ ಹೊಸ ಎಣ್ಣೆಯು ಕೆಲವೇ ದಿನಗಳಲ್ಲಿ ಕಪ್ಪಾಗುವುದು, ಮಸಿಯನ್ನು ಒಂದೆಡೆ ಗಡ್ಡೆಗಟ್ಟಲು ಬಿಡದೆ ತನ್ನಲ್ಲಿ ತೇಲಿಸಿಕೊಂಡಿರುವ ಕರ್ತವ್ಯವನ್ನು ಅದು ಮಾಡುತ್ತಿರುವುದರ ಲಕ್ಷಣ. ಗೇಜ್ ಕಡ್ಡಿಯಲ್ಲಿ ನೋಡಬೇಕಾದುದು ಮಟ್ಟ. ಮಟ್ಟವು ತಾನಾಗಿ ಏರಿದ್ದರೆ ಇಂಧನವೋ ನೀರೋ ಸೇರುತ್ತಿದೆಯೆಂದು ಅರ್ಥ, ಅದು ಇಳಿಯುವುದಕ್ಕಿಂತಲೂ ಆತಂಕದ ಸಂಗತಿ.

ಇಳಿಸಿದ ಕರಿ ಆಯಿಲಿನಲ್ಲಿಯೂ ಮೂಲತೈಲದ ಹೆಚ್ಚಿನ ಭಾಗ ಕೆಡದೆ ಉಳಿದಿರುತ್ತದೆ; ಮುಗಿದುಹೋದುದು ಅದಕ್ಕೆ ಬೆರೆಸಿದ್ದ ರಕ್ಷಕ ದ್ರವ್ಯಗಳು. ತೆಂಗಿನ ಬುಡಕ್ಕೋ ಚರಂಡಿಗೋ ಸುರಿದರೆ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಪರವಾನಗಿ ಪಡೆದ ಶುದ್ಧೀಕರಣಶಾಲೆಯನ್ನು ತಲಪಿದರೆ, ಅಲ್ಲಿ ನಿರ್ವಾತದಲ್ಲಿ ಬಟ್ಟಿಯಿಳಿದು, ಹೊಸ ದ್ರವ್ಯಗಳೊಡನೆ ಬೆರೆತು, ಮತ್ತೊಂದು ಎಂಜಿನ್ನಿಗೆ ಎಣ್ಣೆಯಾಗಿ ಬರುತ್ತದೆ.