ತಿಂಗಳಿಗೊಂದು ಕಿಲೋ ಸಾಕು

ನನ್ನ ತಮ್ಮನ ಮಗಳ ಮದುವೆ ನಿಶ್ಚಯವಾದಾಗ ಮನೆಯಲ್ಲಿ ಎಲ್ಲರಿಗೂ ಸಂತೋಷ. ನನಗೆ ಸಂತೋಷದ ಜೊತೆಗೆ ಒಂದು ಭಯವೂ ಇತ್ತು. ತಮ್ಮ ತೀರಿಕೊಂಡು ಆರು ವರ್ಷ. ಧಾರೆ ಎರೆದುಕೊಡಲು ನಾನೂ ನನ್ನ ಹೆಂಡತಿಯೂ ಕೂರಬೇಕು. ಕೂರುವುದೆಂದರೆ ಎರಡು ಗಂಟೆ ಮಣೆಯ ಮೇಲೆ, ಚಕ್ಕಂಬಕ್ಕಲ ಹಾಕಿಕೊಂಡು. ಆಗ ನನಗೆ 72 ವರ್ಷ, ತೂಕ 84 ಕಿಲೋ, ಎತ್ತರ 5 ಅಡಿ 6 ಅಂಗುಲ. ನೆಲದ ಮೇಲೆ ಕೂತು ಹತ್ತು ವರ್ಷವಾಗಿತ್ತು. ಕೂರಲು ಹೋದರೆ ಹೊಟ್ಟೆ ಅಡ್ಡ, ಏಳಲು ಹೋದರೆ ಮಂಡಿ ಅಡ್ಡ.

ಮದುವೆಗೆ ಉಳಿದದ್ದು ಆರು ವಾರ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಸಿಗುವ ಸ್ನೇಹಿತರೊಬ್ಬರು ಧೈರ್ಯ ಹೇಳಿದರು. “ರಾತ್ರಿ ಊಟ ಬಿಟ್ಟುಬಿಡಿ. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ. ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ. ನಾಲ್ಕು ವಾರಕ್ಕೆ ಎಂಟು ಕಿಲೋ ಇಳಿಯದಿದ್ದರೆ ನನ್ನನ್ನು ಕೇಳಿ” ಎಂದರು. ಬ್ಯಾಂಕಿನಲ್ಲಿದ್ದಾಗ ಯಾರಾದರೂ ಒಂದು ತಿಂಗಳಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎಂದರೆ ಗ್ರಾಹಕರಿಗೆ “ನಂಬಬೇಡಿ” ಎನ್ನುತ್ತಿದ್ದವನು ನಾನು. ಆದರೆ ಈ ಮಾತನ್ನು ಮಾತ್ರ ನಂಬಿಬಿಟ್ಟೆ.

ಮೊದಲ ವಾರವೇ ಮೂರು ಕಿಲೋ ಇಳಿಯಿತು. ಬಂದವರಿಗೆಲ್ಲ ಹೇಳಿಕೊಂಡೆ. ಹೆಂಡತಿ “ರೀ, ಮುಖ ಬಾಡಿದೆ, ಒಂದು ಚಪಾತಿಯಾದರೂ ತಿನ್ನಿ” ಎಂದರೆ ರೇಗಿದೆ. ಹನ್ನೊಂದನೆಯ ದಿನ ಬೆಳಗಿನ ಜಾವ ಬಚ್ಚಲಿಗೆ ಹೋದವನಿಗೆ ಮೈಯೆಲ್ಲ ಬೆವರಿತು, ಕೈ ನಡುಗಿತು, ಕಣ್ಣು ಕತ್ತಲೆ ಬಂತು. ಬಾಗಿಲು ಹಿಡಿದುಕೊಂಡೇ ಕುಸಿದು ಕೂತೆ. ಪ್ರಜ್ಞೆ ಇತ್ತು. ಹೆಂಡತಿ ಸಕ್ಕರೆ ನೀರು ಕುಡಿಸಿದ ಮೇಲೆ ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡೆ. ರಾತ್ರಿ ಊಟ ಬಿಟ್ಟಿದ್ದೆ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿರಲಿಲ್ಲ. ಹೊಟ್ಟೆಗೆ ಏನೂ ಹೋಗದಿದ್ದರೂ ಮಾತ್ರೆ ತನ್ನ ಕೆಲಸ ಮಾಡಿತ್ತು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದೇ ದಿನ ಸಂಜೆ ಸೊಸೆ ನನ್ನ ಮೊಮ್ಮಗಳ ಊಟದ ಡಬ್ಬಿ ತೆರೆದು ನೋಡಿದಳು. ಬೆಳಿಗ್ಗೆ ಹಾಕಿಕೊಟ್ಟ ಚಿತ್ರಾನ್ನ ಹಾಗೇ ಇತ್ತು. ಎಂಟನೆಯ ತರಗತಿಯ ಹುಡುಗಿ. ಐದು ದಿನದಿಂದ ಶಾಲೆಯಲ್ಲಿ ಊಟ ಮಾಡಿರಲಿಲ್ಲವಂತೆ, ಡಬ್ಬಿಯದನ್ನು ಗೆಳತಿಯರಿಗೆ ಹಂಚಿಬಿಡುತ್ತಿದ್ದಳಂತೆ. ಅವತ್ತು ಹಂಚಲು ಆಗಲಿಲ್ಲ, ಸಿಕ್ಕಿಬಿದ್ದಳು. ತರಗತಿಯಲ್ಲಿ ಯಾರೋ “ಗುಂಡಮ್ಮ” ಎಂದಿದ್ದರು. ಅಮ್ಮ ಬೈದಾಗ ಅವಳು ನನ್ನ ಕಡೆ ತಿರುಗಿ, “ತಾತ ಮಾಡಿದ್ರೆ ಎಲ್ಲರೂ ಭೇಷ್ ಅಂದ್ರಿ. ನಾನು ಮಾಡಿದ್ರೆ ಯಾಕೆ ತಪ್ಪು?” ಎಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ನನ್ನನ್ನು ಗದರಿಸಲಿಲ್ಲ. “ನೀವು ಬ್ಯಾಂಕಿನವರಲ್ಲವೇ? ಹಾಗಾದರೆ ಲೆಕ್ಕ ಕೇಳಿ” ಎಂದರು. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ವಾರಕ್ಕೆ ಮೂರು ಕಿಲೋ ಕೊಬ್ಬು ಕರಗಬೇಕಾದರೆ ದಿನಕ್ಕೆ 3,300 ಕ್ಯಾಲೊರಿ ಕಡಿಮೆಯಾಗಬೇಕು. ನನ್ನ ವಯಸ್ಸಿನವನು ದಿನಕ್ಕೆ ಖರ್ಚು ಮಾಡುವುದೇ ಅಷ್ಟಿಲ್ಲ! ಹಾಗಾದರೆ ಆ ಮೂರು ಕಿಲೋ ಎಲ್ಲಿಂದ ಇಳಿಯಿತು? ಬಹುಪಾಲು ನೀರು. ದೇಹ ತುರ್ತಿಗೆಂದು ಈಲಿಯಲ್ಲೂ ಸ್ನಾಯುಗಳಲ್ಲೂ ಒಂದಿಷ್ಟು ಪಿಷ್ಟ ಕೂಡಿಟ್ಟಿರುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಉಪವಾಸ ಮಾಡಿದರೆ ಮೊದಲು ಖಾಲಿಯಾಗುವುದು ಅದು. ಆಮೇಲೆ ಕೊಬ್ಬಿನ ಜೊತೆಗೆ ಸ್ನಾಯುವೂ ಸವೆಯುತ್ತದೆ. ವಯಸ್ಸಾದವರಿಗೆ ಸ್ನಾಯು ಹೋದರೆ ಮತ್ತೆ ಬರುವುದು ಕಷ್ಟ. ಬೀಳುವ ಭಯವೂ ಹೆಚ್ಚು. ತೀರಾ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಇದೆ.

“ವಾರಕ್ಕೆ ಅರ್ಧ ಕಿಲೋ ಒಳ್ಳೆಯ ವೇಗ. ಗಟ್ಟಿಮುಟ್ಟಾದವರು ಹೆಚ್ಚೆಂದರೆ ಒಂದು ಕಿಲೋ. ನಿಮಗೆ ತಿಂಗಳಿಗೆ ಒಂದು ಕಿಲೋ ಸಾಕು” ಎಂದು ಹೇಳಿ ಮಾತ್ರೆಯ ಪ್ರಮಾಣ ಬದಲಿಸಿದರು. ಮೊಮ್ಮಗಳಿಗೆ ಹೇಳಿದ್ದು ಬೇರೆ: “ನೀನು ಬೆಳೆಯುವ ಹುಡುಗಿ. ನೀನು ಇಳಿಸಬೇಕಾಗಿಲ್ಲ. ಊಟ ಬಿಡದೆ, ದಿನಕ್ಕೆ ಒಂದು ಗಂಟೆ ಆಟ ಆಡು. ಎತ್ತರ ಬೆಳೆದ ಹಾಗೆ ತೂಕ ತಾನೇ ಹೊಂದಿಕೊಳ್ಳುತ್ತದೆ.”

ಮನೆಗೆ ಬಂದು ಹಳೆಯ ಅಭ್ಯಾಸದಂತೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದೆ. ಊಟದಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ. ಕಳ್ಳ ಇದ್ದದ್ದು ಕಾಫಿಯ ಹೊತ್ತಿನಲ್ಲಿ. ಎರಡು ಕೋಡುಬಳೆ, ಒಂದು ಹಿಡಿ ಖಾರದ ಕಡಲೆಬೀಜ, ಯಾರೋ ತಂದ ಮೈಸೂರು ಪಾಕಿನ ತುಂಡು, ಇವೆಲ್ಲ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇನ್ನು ಮೂರು ಕಿಲೋಮೀಟರ್ ನಡೆದು, ಸ್ನೇಹಿತರ ಜೊತೆ ಮಸಾಲೆ ದೋಸೆ ತಿಂದು ಬರುವ ಪದ್ಧತಿ. ನನ್ನ ತೂಕದವನು ಒಂದು ಕಿಲೋಮೀಟರ್ ನಡೆದರೆ ಖರ್ಚಾಗುವುದು ಸುಮಾರು 50ರಿಂದ 60 ಕ್ಯಾಲೊರಿ. ಗಾತ್ರ, ಎಣ್ಣೆ ನೋಡಿಕೊಂಡು ಒಂದು ಮಸಾಲೆ ದೋಸೆಗೆ 300ರಿಂದ 400. ಇಷ್ಟು ವರ್ಷ ವಾಕಿಂಗ್ ಮಾಡಿಯೂ ತೂಕ ಏಕೆ ಏರಿತು ಎಂಬುದು ಆಗ ಟ್ಯಾಲಿ ಆಯಿತು.

ದೊಡ್ಡ ಬಾಬ್ತು ಎಣ್ಣೆ. ನಮ್ಮ ಐದು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಬರುತ್ತಿತ್ತು. ಒಂದು ಲೀಟರ್ ಎಣ್ಣೆಯಲ್ಲಿ 8,000ಕ್ಕೂ ಹೆಚ್ಚು ಕ್ಯಾಲೊರಿ. ಈಗ ಮೂರು ಲೀಟರ್ ತರುತ್ತೇವೆ. ಬಾಟಲಿಯಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆದು ಹಾಕುತ್ತೇವೆ, ಕರಿದದ್ದು ಹಬ್ಬಕ್ಕೆ ಮಾತ್ರ. ಇದರಿಂದಲೇ ತಲೆಗೆ ತಿಂಗಳಿಗೆ 3,000 ಕ್ಯಾಲೊರಿಗೂ ಹೆಚ್ಚು ಉಳಿತಾಯ.

ಅನ್ನ ಬಿಟ್ಟು ಮುದ್ದೆ ತಿಂದರೆ ಇಳಿಯುತ್ತದೆ ಎನ್ನುವವರಿದ್ದಾರೆ. ಅಕ್ಕಿ, ಗೋಧಿ, ರಾಗಿ ಯಾವುದಾದರೂ ಸರಿ, 100 ಗ್ರಾಂ ಒಣ ಧಾನ್ಯದಲ್ಲಿ 320ರಿಂದ 360 ಕ್ಯಾಲೊರಿ ಇದ್ದೇ ಇರುತ್ತದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಹೊಟ್ಟೆ ತುಂಬಿದ ಹಾಗಿರುತ್ತದೆ, ನಿಜ. ಆದರೆ ಎರಡು ಮುದ್ದೆ ತಿಂದರೆ ಎರಡು ಮುದ್ದೆಯ ಲೆಕ್ಕವೇ. ನಾನು ಅನ್ನ ಬಿಡಲಿಲ್ಲ, ತಟ್ಟೆಯ ಜಾಗ ಬದಲಿಸಿದೆ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಅನ್ನ ಅಥವಾ ಮುದ್ದೆ. ಇನ್ನು ಕಾಲು ಭಾಗ ಬೇಳೆ, ಕಾಳು, ಮೊಸರು. ಮೊದಲು ಪಲ್ಯ ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕುತ್ತೇನೆ. ರಾತ್ರಿ ಊಟ ಏಳೂವರೆಗೆ. ಬಿಡುವುದಿಲ್ಲ.

ಖರ್ಚಿನ ಕಡೆಗೆ ಬರೋಣ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು. ನಾನು ದಿನಕ್ಕೆ 10 ನಿಮಿಷದಿಂದ ಶುರು ಮಾಡಿ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ 40 ನಿಮಿಷಕ್ಕೆ ಬಂದೆ. ನಡಿಗೆ ಒಂದೇ ಸಾಲದು, ಸ್ನಾಯುವಿಗೂ ಕೆಲಸ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ಹತ್ತು ಸಲ ತಳ್ಳುವುದು, ಕಿಟಕಿ ಸರಳು ಹಿಡಿದು ಒಂದೇ ಕಾಲಲ್ಲಿ ನಿಲ್ಲುವುದು. ವಾರಕ್ಕೆ ಮೂರು ದಿನ. ಮೊದಲ ದಿನ ನಾಲ್ಕು ಸಲ ಏಳುವಷ್ಟರಲ್ಲಿ ತೊಡೆ ನಡುಗಿತು. ಮೊಮ್ಮಗಳೇ ಎಣಿಸುವವಳು. “ತಾತ, ಅರ್ಧ ಎದ್ದದ್ದು ಲೆಕ್ಕಕ್ಕಿಲ್ಲ” ಎನ್ನುತ್ತಾಳೆ. ಅದಾದ ಮೇಲೆ ಅವಳಿಗೆ ಶಟಲ್, ನನಗೆ ಅಂಕ ಹೇಳುವ ಕೆಲಸ.

ಮದುವೆಯ ದಿನ ನನ್ನ ತೂಕ 82. ಮಣೆಯ ಮೇಲೆ ಕೂರಲು ಆಗಲಿಲ್ಲ. ಪುರೋಹಿತರು “ಅಡ್ಡಿಯಿಲ್ಲ ರಾಯರೇ, ಕುರ್ಚಿಯಲ್ಲೇ ಕೂತು ಧಾರೆ ಎರೆಯಿರಿ” ಎಂದರು. ಆರು ವಾರ ನಾನು ಹೆದರಿದ್ದ ಸಮಸ್ಯೆ ಒಂದು ಪ್ಲಾಸ್ಟಿಕ್ ಕುರ್ಚಿಯಿಂದ ಬಗೆಹರಿಯಿತು! ನೀರು ಬಿಡುವಾಗ ತಮ್ಮನ ನೆನಪಾಗಿ ಕಣ್ಣು ತುಂಬಿತು. ಕುರ್ಚಿಯೋ ಮಣೆಯೋ ಎಂದು ಯಾರೂ ನೋಡಲಿಲ್ಲ.

ಲೆಕ್ಕದ ಪುಸ್ತಕ ಮುಂದುವರಿಸಿದೆ. ಎಂಟು ತಿಂಗಳಿಗೆ ಎಂಟು ಕಿಲೋ, ಈಗ 76. ಎರಡು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ, ಒಂದು ತಿಂಗಳು ದೀಪಾವಳಿಯಿಂದಾಗಿ ಅರ್ಧ ಕಿಲೋ ಏರಿತು. ಗಾಬರಿಯಾಗಲಿಲ್ಲ. ಸೊಂಟದ ಸುತ್ತಳತೆ 106 ಸೆಂಟಿಮೀಟರ್‌ನಿಂದ 98ಕ್ಕೆ ಬಂದಿದೆ. ಗಂಡಸರಿಗೆ 90, ಹೆಂಗಸರಿಗೆ 80ರ ಒಳಗಿರಬೇಕು ಎನ್ನುತ್ತಾರೆ, ಇನ್ನೂ ದಾರಿ ಇದೆ. ಮೊನ್ನೆ ಸತ್ಯನಾರಾಯಣ ಪೂಜೆಗೆ ನೆಲದ ಮೇಲೆ ಕೂತೆ, ಗೋಡೆ ಹಿಡಿಯದೆ ಎದ್ದೆ.

ಸಕ್ಕರೆ ಕಾಯಿಲೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಮುಂದೆ “ದಪ್ಪ”, “ಸಣ್ಣ” ಎಂಬ ಮಾತು ಆಡಬೇಡಿ. ಅವರು ನಾವು ಹೇಳಿದ್ದನ್ನು ಕೇಳುವುದಕ್ಕಿಂತ ಮಾಡಿದ್ದನ್ನು ನೋಡುವುದೇ ಹೆಚ್ಚು.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ನನ್ನ ತೂಕವನ್ನು ಮೊಮ್ಮಗಳು ಬರೆಯುತ್ತಾಳೆ. ಅವಳ ತೂಕ ಎಲ್ಲಿಯೂ ಬರೆದಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ಲಿನಿಂದ ಅವಳ ಎತ್ತರದ ಗೆರೆ ಎಳೆಯುವುದು ನನ್ನ ಕೆಲಸ. ಈ ವರ್ಷ ಎರಡು ಗೆರೆ ಮೇಲೆ ಹೋಗಿದೆ. ಡಬ್ಬಿ ಖಾಲಿಯಾಗಿ ಬರುತ್ತಿದೆ.